ಜರಾ ಬ್ಯಾಟ್ರಿ ಬಂದ್ ಮಾಡ್ರಿ

ನಮ್ಮ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹುಣ್ಣಿಮೆ ಬಂದಲ್ಲೆಲ್ಲ ಎರಡು ಗುರುತು ಇರುತ್ತವೆ. ಕೆಂಪು ಪೆನ್ನಿನದು ಹೆಂಡತಿಯದು, ನೀಲಿ ಪೆನ್ನಿನದು ನನ್ನದು. ಅವಳದು ಅಡುಗೆಯ ಲೆಕ್ಕ. ಹೋಳಿ ಹುಣ್ಣಿಮೆಗೆ ಹೋಳಿಗೆ, ಸೀಗಿ ಹುಣ್ಣಿಮೆಗೆ ಚರಗ, ಕಡ್ಲಿಗಡಬ ಹುಣ್ಣಿಮೆಗೆ ಏನು ಮಾಡಬೇಕು ಅಂತ ಹೆಸರೇ ಹೇಳುತ್ತದೆ. ನನ್ನದು ಕ್ಯಾಮೆರಾದ ಲೆಕ್ಕ. ಅವಳು ತಾಟು ಹಾಕುವ ಹೊತ್ತಿಗೆ ನಾನು ಹೆಗಲಿಗೆ ಬ್ಯಾಗು, ಬಗಲಿಗೆ ಟ್ರೈಪಾಡು ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತೇನೆ.

"ಎಲ್ಲಿಗಿ ಹೊಂಟ್ರಿ?"

"ಹೊಲಕ್ಕ."

"ಯಾರ ಹೊಲಕ್ಕ?"

ಈ ಪ್ರಶ್ನೆಗೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ. ನಮಗೆ ಹೊಲವೇ ಇಲ್ಲ.

ಈ ಹುಚ್ಚು ಹಿಡಿಯಲು ಕಾರಣ ಬಿಸಿಲು. ಎರಡು ವರ್ಷದ ಹಿಂದೆ ಒಬ್ಬರಿಂದ ಹಳೆಯ ಕ್ಯಾಮೆರಾ ಕೊಂಡೆ. ಹಳ್ಳಿ, ಹೊಲ, ಗುಡ್ಡ, ಹಳ್ಳ ಎಲ್ಲ ತೆಗೆಯಬೇಕು ಅಂತ ಆಸೆ. ಆದರೆ ಕೊಂಡದ್ದು ಏಪ್ರಿಲ್ ತಿಂಗಳಲ್ಲಿ, ಕಲಬುರಗಿಯಲ್ಲಿ. ಬೆಳಿಗ್ಗೆ ಹತ್ತಕ್ಕೆಲ್ಲ ರಸ್ತೆ ಖಾಲಿ. ಮಧ್ಯಾಹ್ನ 42, 43 ಡಿಗ್ರಿ. ಒಂದು ದಿನ ಹಟ ಮಾಡಿ ಹನ್ನೆರಡು ಗಂಟೆಗೆ ಹೊರಗೆ ಹೋದೆ. ಕ್ಯಾಮೆರಾ ಕೈಗೆ ಹೆಂಚಿನ ಹಾಗೆ ಸುಟ್ಟಿತು. ಬಂದ ಫೋಟೋದಲ್ಲಿ ಆಕಾಶ ಬಿಳಿ, ನೆಲ ಬಿಳಿ, ನಡುವೆ ನೆರಳಿಗೆ ನಿಂತ ಒಂದು ಎಮ್ಮೆ ಮಾತ್ರ ಕಪ್ಪು. ಆ ಎಮ್ಮೆಗಿದ್ದ ಬುದ್ಧಿ ನನಗಿರಲಿಲ್ಲ.

ಆಗ ಗೊತ್ತಾಯಿತು, ಬೆಳದಿಂಗಳಲ್ಲೂ ಫೋಟೋ ತೆಗೆಯಬಹುದು ಅಂತ. ಲೆಕ್ಕ ಸುಲಭ. ಸೂರ್ಯನ ಬೆಳಕು ಹುಣ್ಣಿಮೆ ಚಂದ್ರನ ಬೆಳಕಿಗಿಂತ ಸುಮಾರು 4 ಲಕ್ಷ ಪಟ್ಟು ಜಾಸ್ತಿ. ಬಿಸಿಲಲ್ಲಿ ಸೆಕೆಂಡಿನ 800ನೇ ಒಂದು ಭಾಗದಲ್ಲಿ ಮುಗಿಯುವ ಫೋಟೋಗೆ ಬೆಳದಿಂಗಳಲ್ಲಿ ನಾಲ್ಕರಿಂದ ಎಂಟು ನಿಮಿಷ ಬೇಕು. ಅಷ್ಟು ಹೊತ್ತು ಕ್ಯಾಮೆರಾದ ಕಣ್ಣು ತೆರೆದೇ ಇಡಬೇಕು. ಬಿಸಿಲು ಎಂದರೆ ಭರ್ ಅಂತ ಬಿದ್ದ ನಳ, ಬೆಳದಿಂಗಳು ಎಂದರೆ ತೊಟ್ಟಿಕ್ಕುವ ನಳ. ಕೊಡ ಅದೇ. ತಾಳ್ಮೆ ಇದ್ದರೆ ತುಂಬುತ್ತದೆ. ನಳದ ದಾರಿ ಕಾಯುವುದನ್ನು ನಮ್ಮ ಓಣಿಯವರಿಗೆ ಯಾರೂ ಕಲಿಸಬೇಕಾಗಿಲ್ಲ.

ನನ್ನ ಕ್ಯಾಮೆರಾದ ಗಾಲಿಯಲ್ಲಿ ಇರುವುದು 30 ಸೆಕೆಂಡಿನವರೆಗೆ ಮಾತ್ರ. ಅದಕ್ಕಿಂತ ಜಾಸ್ತಿ ಬೇಕಾದರೆ 'ಬಲ್ಬ್' ಅನ್ನುವ ಕಡೆ ತಿರುಗಿಸಬೇಕು. ಹಿಂದಿನ ಕಾಲದಲ್ಲಿ ರಬ್ಬರಿನ ಬುರುಡೆಯನ್ನು ಹಿಚುಕಿದರೆ ಗಾಳಿ ಹೋಗಿ ಶಟರ್, ಅಂದರೆ ಕ್ಯಾಮೆರಾದ ಕಣ್ಣಿನ ರೆಪ್ಪೆ, ತೆರೆಯುತ್ತಿತ್ತು, ಬಿಟ್ಟರೆ ಮುಚ್ಚುತ್ತಿತ್ತು. ಆ ಬುರುಡೆಯ ಹೆಸರೇ ಉಳಿದುಕೊಂಡಿದೆ. ಇದನ್ನು ಹೆಂಡತಿಗೆ ಬಹಳ ಉತ್ಸಾಹದಿಂದ ಹೇಳಿದೆ. ಕತ್ತಲಲ್ಲಿ ತೆಗೆಯಬೇಕಾದರೆ ಬಲ್ಬ್‌ಗೆ ಹಾಕಬೇಕು ಅಂತ. ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು.

"ಬಲ್ಬ್ ಅದ ಅಂದ್ರ ಅದನ್ನ ಹಚ್ಚಿ ತೆಗೀಬಾರ್ದೇನ್ರಿ?"

ಮೊದಲ ಪ್ರಯೋಗ ನಮ್ಮ ಮಾಳಿಗೆಯ ಮೇಲೆ, ದವನದ ಹುಣ್ಣಿಮೆಯ ರಾತ್ರಿ. ಪಕ್ಕದ ಮನೆಯ ಕರಿ ನೀರಿನ ಟ್ಯಾಂಕು, ನಮ್ಮ ಹಗ್ಗದ ಮೇಲೆ ಮರೆತು ಬಿಟ್ಟ ಒಂದು ಕೌದಿ, ಹಿಂದೆ ಬೇವಿನ ಗಿಡ. ಎಂಟು ನಿಮಿಷ ಉಸಿರು ಬಿಗಿಹಿಡಿದು ನಿಂತೆ. ಉಸಿರು ಬಿಗಿಹಿಡಿಯುವ ಅವಶ್ಯಕತೆ ಇರಲಿಲ್ಲ, ಟ್ರೈಪಾಡ್ ಇತ್ತು. ಆದರೂ ಹಿಡಿದೆ. ಫೋಟೋ ಬಂತು ನೋಡಿ! ನೀಲಿ ಆಕಾಶ, ಹಸಿರು ಬೇವು, ಕೌದಿಯ ಕೆಂಪು ಹಳದಿ ತುಂಡುಗಳು. ರಾತ್ರಿ ನಮ್ಮ ಕಣ್ಣಿಗೆ ಬಣ್ಣ ಕಾಣುವುದಿಲ್ಲ, ಎಲ್ಲ ಬೂದಿ ಬೂದಿ. ಕ್ಯಾಮೆರಾಕ್ಕೆ ಆ ತೊಂದರೆ ಇಲ್ಲ. ಚಂದ್ರನ ಬೆಳಕು ಅಂದರೆ ಕಲ್ಲುಮಣ್ಣಿಗೆ ಬಡಿದು ವಾಪಸ್ ಬಂದ ಬಿಸಿಲೇ ಅಲ್ವಾ? ಹಗಲು ಆಕಾಶ ಯಾವ ಕಾರಣಕ್ಕೆ ನೀಲಿಯೋ ರಾತ್ರಿಯೂ ಅದೇ ಕಾರಣಕ್ಕೆ ನೀಲಿ. ನಮಗೆ ಕಾಣುವುದಿಲ್ಲ, ಅಷ್ಟೇ.

ಕುಣಿಯುತ್ತಾ ಕೆಳಗೆ ಬಂದು ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. ಅವಳು ಒಂದೇ ಕಣ್ಣು ತೆರೆದಳು.

"ಮಧ್ಯಾಹ್ನದ್ದಾ?"

"ಅಲ್ಲ! ಈಗಿಂದು! ಆಕಾಶ್ದಾಗ ನೋಡು, ಚುಕ್ಕಿ!"

ಎಂಟು ನಿಮಿಷದಲ್ಲಿ ಭೂಮಿ ಎರಡು ಡಿಗ್ರಿ ತಿರುಗಿರುತ್ತದೆ. ಹಾಗಾಗಿ ಚುಕ್ಕೆಗಳು ಚುಕ್ಕೆಯಾಗಿ ಇರದೆ ಸಣ್ಣ ಸಣ್ಣ ಗೆರೆಗಳಾಗಿದ್ದವು. ಅವಳು ಎರಡನೇ ಕಣ್ಣನ್ನೂ ತೆರೆದು ನೋಡಿದಳು.

"ಕಾಚ್ ಗೀರ್ಯಾವ್ರಿ. ಹಳೇದು ಕೊಟ್ಟು ನಿಮಗ ಮೋಸ ಮಾಡ್ಯಾರ."

ಈ ಕಲೆಯ ದೊಡ್ಡ ಕಷ್ಟ ಇದೇ. ಚೆನ್ನಾಗಿ ಬಂದಷ್ಟೂ ಯಾರೂ ನಂಬುವುದಿಲ್ಲ. ಹಾಳಾಗಿ ಕಪ್ಪಗೆ ಬಂದರೆ "ಹೌದು, ರಾತ್ರಿದು" ಅನ್ನುತ್ತಾರೆ. ಸರಿಯಾಗಿ ಬಂದರೆ "ಇದಕ್ಕ ನಿದ್ದಿ ಯಾಕ್ ಕೆಡ್ಸಿಕೊಂಡ್ರಿ, ನಾಳಿ ಮುಂಜಾನಿ ತೆಗೀಬಹುದಿತ್ತಲ್ಲ" ಅನ್ನುತ್ತಾರೆ. ಆಫೀಸಿನಲ್ಲಿ ಒಬ್ಬರಿಗೆ ತೋರಿಸಿದೆ. ಅವರು ಪೂರ್ತಿ ಗಮನ ಕೊಟ್ಟು ನೋಡಿ, "ಕೌದಿ ಚಲೋ ಹೊಲಿದಾರ" ಅಂದರು.

ಆಮೇಲೆ ಊರ ಹೊರಗೆ ಹೋಗಲು ಶುರು ಮಾಡಿದೆ. ಜೊತೆಗೆ ಅಕ್ಕನ ಮಗ. ಅವನಿಗೆ ಫೋಟೋದಲ್ಲಿ ಆಸಕ್ತಿ ಇಲ್ಲ. ನನ್ನ ಬೈಕು ಓಡಿಸುವುದರಲ್ಲಿ ಇದೆ. ಮೊದಲ ರಾತ್ರಿಯೇ ಒಂದು ಉತ್ತಿರದ ಹೊಲದಲ್ಲಿ ಲೆನ್ಸಿನ ಮುಚ್ಚಳ ಕೈಜಾರಿತು. ಬೇಸಿಗೆಯಲ್ಲಿ ನಮ್ಮ ಎರೆ ಭೂಮಿ ಬಿರುಕು ಬಿಡುವ ಪರಿ ನೋಡಿದವರಿಗೆ ಗೊತ್ತು. ತೋಳು ಪೂರ್ತಿ ಒಳಗೆ ಹೋಗುತ್ತದೆ. ಮುಚ್ಚಳ ಉರುಳಿ ಉರುಳಿ ಸರಿಯಾಗಿ ಒಂದು ಬಿರುಕಿನ ಅಂಚಿಗೆ ನಿಂತಿತು. ಒಮ್ಮೆ ನನ್ನ ಕಡೆ ನೋಡಿತು ಅನ್ನಿಸಿತು. ಒಳಗೆ ಹೋಯಿತು. ಸೀತೆಯ ನಂತರ ಭೂಮಿತಾಯಿ ಬಾಯಿ ತೆರೆದು ಕರೆಸಿಕೊಂಡದ್ದು ನನ್ನ ಲೆನ್ಸ್ ಕ್ಯಾಪನ್ನೇ ಇರಬೇಕು. ಕೈ ಹಾಕಿ ಹುಡುಕೋಣ ಅಂದರೆ ಅಕ್ಕನ ಮಗ, "ಮಾಮಾ, ಚೇಳು ಇರ್ತಾವ" ಅಂದ. ಆಗಿನಿಂದ ಲೆನ್ಸಿಗೆ ಹೆಂಡತಿಯ ಉಪ್ಪಿನಕಾಯಿ ಡಬ್ಬಿಯ ಮುಚ್ಚಳವೇ ಗತಿ. ಸರಿಯಾಗಿ ಕೂರುತ್ತದೆ. ಸ್ವಲ್ಪ ವಾಸನೆ ಬರುತ್ತದೆ.

ಅದೇ ರಾತ್ರಿ ಇನ್ನೊಂದು ಪಾಠವೂ ಆಯಿತು. ಹೊತ್ತು ಜಾಸ್ತಿಯಾದಷ್ಟೂ ಫೋಟೋದಲ್ಲಿ ಬಣ್ಣಬಣ್ಣದ ರವೆ ಚೆಲ್ಲಿದ ಹಾಗೆ ಕಲೆಗಳು ಬರುತ್ತವೆ. ಅದನ್ನು ತೆಗೆಯಲು ಕ್ಯಾಮೆರಾ ಒಂದು ಉಪಾಯ ಮಾಡುತ್ತದೆ. ನಾಲ್ಕು ನಿಮಿಷ ಫೋಟೋ ತೆಗೆದ ಮೇಲೆ, ಕಣ್ಣು ಮುಚ್ಚಿಕೊಂಡು ಇನ್ನೂ ನಾಲ್ಕು ನಿಮಿಷ ಬರೀ ಕತ್ತಲನ್ನು ತೆಗೆಯುತ್ತದೆ. ಎರಡನ್ನೂ ಹೋಲಿಸಿ ಕಲೆಗಳನ್ನು ಕಳೆಯುತ್ತದೆ. ಆ ನಾಲ್ಕು ನಿಮಿಷ ಯಾವ ಗುಂಡಿ ಒತ್ತಿದರೂ ಮಾತಿಲ್ಲ, ಕತೆಯಿಲ್ಲ. ಊಟ ಆದ ಮೇಲೆ ನಮ್ಮ ಅಪ್ಪ ಹೀಗೇ ಇರುತ್ತಿದ್ದರು. ನಾನು ಮೂತ್ರಕ್ಕೆ ಅಂತ ಬದುವಿನ ಆಚೆ ಹೋಗಿದ್ದೆ. ಬಂದು ನೋಡಿದರೆ ಅಕ್ಕನ ಮಗನ ಒಂದು ಕೈಯಲ್ಲಿ ಕ್ಯಾಮೆರಾ, ಇನ್ನೊಂದು ಕೈಯಲ್ಲಿ ಅದರ ಬ್ಯಾಟರಿ.

"ಮಾಮಾ, ಹ್ಯಾಂಗ್ ಆಗಿತ್ತು. ಬ್ಯಾಟರಿ ತೆಗೆದು ಹಾಕಿದ್ರ ಸರಿ ಹೋಗ್ತದ."

ಸರಿ ಹೋಯಿತು. ಫೋಟೋ ಮಾತ್ರ ಹೋಯಿತು.

ಅರ್ಧ ಚಂದ್ರನ ರಾತ್ರಿಯ ಕತೆ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದರಲ್ಲಿ ನನ್ನ ದಡ್ಡತನ ಬಿಟ್ಟು ಬೇರೇನೂ ಇಲ್ಲ. ಅರ್ಧ ಚಂದ್ರ ಅಂದರೆ ಅರ್ಧ ಬೆಳಕು, ಅದಕ್ಕೆ ಎರಡು ಪಟ್ಟು ಹೊತ್ತು ಅಂತ ಲೆಕ್ಕ ಹಾಕಿದೆ. ಫೋಟೋ ಇದ್ದಲಿನ ಹಾಗೆ ಬಂತು. ಅರ್ಧ ಚಂದ್ರ ಕೊಡುವುದು ಪೂರ್ಣ ಚಂದ್ರನ ಸುಮಾರು ಹತ್ತನೇ ಒಂದು ಭಾಗ ಬೆಳಕು ಮಾತ್ರ. ಚಂದ್ರನ ಮೇಲಿನ ಗುಡ್ಡ ತಗ್ಗುಗಳ ನೆರಳೇ ಬಹಳಷ್ಟು ಬೆಳಕನ್ನು ತಿಂದುಹಾಕುತ್ತದೆ. ಹುಣ್ಣಿಮೆಯಂದು ಬೆಳಕು ನೇರ ಬಿದ್ದು ನೇರ ವಾಪಸ್ ಬರುವುದರಿಂದ ಆ ನೆರಳುಗಳು ನಮಗೆ ಕಾಣುವುದಿಲ್ಲ. ಇನ್ನೊಂದು ವಿಷಯ, ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಹುಟ್ಟುತ್ತಾನೆ. ನಮ್ಮ ಕಡೆಯ ಬಸ್ಸುಗಳಿಗೂ ಅವನಿಗೂ ಇರುವ ವ್ಯತ್ಯಾಸ ಒಂದೇ. ಅವನು ಎಷ್ಟು ಲೇಟು ಅಂತ ಪಂಚಾಂಗದಲ್ಲಿ ಮೊದಲೇ ಬರೆದಿರುತ್ತದೆ.

ಮೇ ತಿಂಗಳಲ್ಲಿ ಒಂದು ಭಾರೀ ಐಡಿಯಾ ಹೊಳೆಯಿತು. ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿ ಮಲಗಿದ ಬುದ್ಧನ ಗುಡ್ಡ ಇದೆ. ಸಾಲು ಗುಡ್ಡಗಳು ದೂರದಿಂದ ನೋಡಿದರೆ ಹಣೆ, ಮೂಗು, ಎದೆ ಎಲ್ಲ ಬಿಡಿಸಿಟ್ಟ ಹಾಗೆ, ಬುದ್ಧ ಅಂಗಾತ ಮಲಗಿದ್ದಾನೆ ಅನ್ನುವಂತೆ ಕಾಣುತ್ತವೆ. ಬುದ್ಧ ಪೂರ್ಣಿಮೆಯ ರಾತ್ರಿ, ಬೆಳದಿಂಗಳಲ್ಲಿ, ಮಲಗಿದ ಬುದ್ಧ! ನಾಲ್ಕು ನಿಮಿಷ ಅಲ್ಲ, ನಾಲ್ಕು ಗಂಟೆ ಶಟರ್ ತೆರೆದಿಟ್ಟರೂ ಅಲುಗಾಡದ ಮಾಡೆಲ್ಲು. ಅದೂ ಅಲ್ಲದೆ ಶಹಾಪುರ ನನ್ನ ಹೆಂಡತಿಯ ತವರು. ಊಟದ ಚಿಂತೆ ಇಲ್ಲ.

ಊಟದ ಚಿಂತೆ ಇಲ್ಲದ್ದೇ ತೊಂದರೆಯಾಯಿತು. ಸಂಜೆ ಏಳಕ್ಕೆ ಮುಟ್ಟಿದೆವು. ಚಂದ್ರ ಆಗಲೇ ಮೇಲೆ ಬಂದಿದ್ದ. ತಟ್ಟೆಯ ಹಾಗೆ ಇದ್ದ. ನಾನು ಬ್ಯಾಗು ತೆಗೆದುಕೊಂಡು ಹೊರಟರೆ ಅತ್ತೆಯವರು ಬಾಗಿಲಿಗೆ ಅಡ್ಡ ನಿಂತರು.

"ಬುದ್ಧ ಎಲ್ಲಿಗಿ ಓಡಿ ಹೋಗ್ತಾನ್ರಿ? ಮಲ್ಕೊಂಡಾನ. ಉಂಡು ಹೋಗ್ರಿ."

ಮಾತು ನ್ಯಾಯವಾಗಿತ್ತು. ಕೂತೆ. ಮಾವಿನ ಹಣ್ಣಿನ ಸೀಕರಣೆ, ಹೋಳಿಗೆ, ಮೇಲೆ ತುಪ್ಪ. ಬೇಡ ಅನ್ನುವ ಮೊದಲೇ ಇನ್ನೊಂದು. ಕೈ ತೊಳೆಯಲು ಅಂಗಳಕ್ಕೆ ಬಂದಾಗ ಒಂದು ಗಾಳಿ ಬೀಸಿತು. ಆಮೇಲೆ ಧೂಳು. ಆಮೇಲೆ ಎಲ್ಲೋ ಒಂದು ತಗಡು ಹಾರಿದ ಸದ್ದು. ಕರೆಂಟು ಹೋಯಿತು. ಹತ್ತು ನಿಮಿಷದಲ್ಲಿ ದಪ್ಪ ಹನಿ. ಬುದ್ಧ ಪೂರ್ಣಿಮೆಯ ರಾತ್ರಿ ಬುದ್ಧನೂ ಕಾಣಲಿಲ್ಲ, ಪೂರ್ಣಿಮೆಯೂ ಕಾಣಲಿಲ್ಲ. ಕತ್ತಲ ಪಡಸಾಲೆಯಲ್ಲಿ ನಾನು ಕಾಲು ಚಾಚಿ ಮಲಗಿದೆ. ಆ ರಾತ್ರಿ ಶಹಾಪುರದಲ್ಲಿ ಇಬ್ಬರು ಅಂಗಾತ ಮಲಗಿದ್ದೆವು.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಹುಣ್ಣಿಮೆಗಳು ಮೋಡಕ್ಕೆ ಹೋದವು. ಸೀಗಿ ಹುಣ್ಣಿಮೆಗೆ ಆಕಾಶ ತಿಳಿಯಾಗಿತ್ತು, ನೆಲ ಆಗಿರಲಿಲ್ಲ. ಒಣಗಿದಾಗ ಬಾಯಿ ಬಿಡುವ ಎರೆ ಮಣ್ಣು, ನೆನೆದಾಗ ಬಾಯಿ ಮುಚ್ಚುತ್ತದೆ. ಬಾಯಲ್ಲಿದ್ದದ್ದನ್ನು ಬಿಡುವುದಿಲ್ಲ. ನನ್ನ ಒಂದು ಚಪ್ಪಲಿ ಈಗಲೂ ಅಲ್ಲೇ ಇದೆ. ಟ್ರೈಪಾಡಿನ ಮೂರು ಕಾಲುಗಳು ನಾಲ್ಕು ನಿಮಿಷದಲ್ಲಿ ಮೂರು ಬೇರೆ ಬೇರೆ ಲೆಕ್ಕದಲ್ಲಿ ಇಳಿದವು. ಫೋಟೋದಲ್ಲಿ ಊರ ಗುಡಿ ನಮಸ್ಕಾರ ಮಾಡುತ್ತಿರುವ ಹಾಗೆ ಬಾಗಿತ್ತು.

ಗೌರಿ ಹುಣ್ಣಿಮೆಗೆ ಬೀದರ್‌ಗೆ ಹೋಗಿದ್ದೆ, ನೆಂಟರ ಮನೆಯ ಕಾರ್ಯಕ್ರಮಕ್ಕೆ. ಬೀದರ್ ಪಕ್ಕದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳ ಸಾಲು ಇದೆ. ಅದರಲ್ಲಿ 1461ರಲ್ಲಿ ತೀರಿಕೊಂಡ ಹುಮಾಯೂನ್ ಶಾಹನ ಗುಮ್ಮಟಕ್ಕೆ ಸಿಡಿಲು ಬಡಿದು ಅರ್ಧ ಬಿದ್ದುಹೋಗಿದೆ. ಉಳಿದ ಅರ್ಧ ಒಡೆದ ತೆಂಗಿನಕಾಯಿಯ ಹೋಳಿನ ಹಾಗೆ ನಿಂತಿದೆ. ಆ ಹೋಳಿನೊಳಗೆ ಚಂದ್ರನನ್ನು ಕೂರಿಸಬೇಕು ಅಂತ ನನ್ನ ಹಂಚಿಕೆ. ರಾತ್ರಿ ಒಳಗೆ ಬಿಡುವುದಿಲ್ಲ, ರಸ್ತೆಯ ಬದಿಯಲ್ಲೇ ನಿಂತು, ಕೂತು, ಕೊನೆಗೆ ಮಲಗಿ, ಚಂದ್ರನನ್ನು ಸರಿಯಾಗಿ ಸೀಳಿನ ನಡುವೆ ತಂದೆ. ಶಟರ್ ತೆರೆದೆ. ಚಂದ್ರ ಆಕಾಶದಲ್ಲಿ ತನ್ನ ಅಗಲದಷ್ಟು ಜಾಗ ದಾಟಲು ಎರಡು ನಿಮಿಷ ಸಾಕು ಅನ್ನುವುದು ನನಗೆ ಆಗ ಹೊಳೆಯಲಿಲ್ಲ. ನಾಲ್ಕು ನಿಮಿಷ ಆದ ಮೇಲೆ ನೋಡಿದರೆ ಹುಮಾಯೂನ್ ಶಾಹನ ಗುಮ್ಮಟದಲ್ಲಿ ಒಂದು ದೊಡ್ಡ, ಉದ್ದನೆಯ, ಬೆಳ್ಳನೆಯ ಮಿರ್ಚಿ ಭಜಿ ತೂಗುತ್ತಿತ್ತು.

ಬೆಳದಿಂಗಳ ಫೋಟೋದಲ್ಲಿ ಚಂದ್ರ ಇರಬಾರದು. ಅವನು ನಮ್ಮ ಬೆನ್ನ ಹಿಂದೆ ಅಥವಾ ಪಕ್ಕದಲ್ಲಿ ನಿಂತು ಬೆಳಕು ಹಿಡಿಯಬೇಕು, ಅಷ್ಟೇ. ಮದುವೆಯಲ್ಲಿ ಪೆಟ್ರೋಮ್ಯಾಕ್ಸ್ ಹೊತ್ತವನು ಫೋಟೋದಲ್ಲಿ ಬರುತ್ತಿದ್ದನೇ?

ಇಷ್ಟೆಲ್ಲ ಕಲಿತ ಮೇಲೆ ಡಿಸೆಂಬರಿನ ಹೊಸ್ತಿಲ ಹುಣ್ಣಿಮೆಗೆ ಆಳಂದ ರಸ್ತೆಯ ಒಂದು ತೊಗರಿ ಹೊಲಕ್ಕೆ ಹೋದೆ. ನಮ್ಮ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಅನ್ನುವ ಸರಕಾರಿ ಗುರುತು, ಸಿಕ್ಕಿದೆ. ಅಂಥದ್ದಕ್ಕೆ ಬೆಳದಿಂಗಳಲ್ಲಿ ಒಂದು ಒಳ್ಳೆಯ ಫೋಟೋ ಬೇಡವೇ? ಚಳಿ ಸಣ್ಣಗೆ ಕಚ್ಚುತ್ತಿತ್ತು. ಎದೆಯೆತ್ತರದ ತೊಗರಿ, ನಡುವೆ ಒಂದು ಬನ್ನಿ ಗಿಡ, ಆಚೆ ಒಂದು ಪಟ್ಟಿ ಕಬ್ಬು. ಗಾಳಿ ಇಲ್ಲ. ನೆಲ ಗಟ್ಟಿ. ಚಂದ್ರ ಬೆನ್ನ ಹಿಂದೆ. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು ಅಂತ ಮೊಬೈಲನ್ನೂ ನೋಡದೆ ಕೂತಿದ್ದೆವು. ಕಾಯಿಯ ಗೊಂಚಲುಗಳು ಒಂದೊಂದಾಗಿ ಕಾಣಲು ಶುರುವಾದವು. ನಿಜ ಹೇಳುತ್ತೇನೆ, ಒಂದು ಕ್ಷಣ ಕ್ಯಾಮೆರಾ ತಂದದ್ದೇ ಮರೆತಿತ್ತು.

"ಯಾರದು?"

ದಾರಿಯಿಂದ ಒಂದು ಬೆಳಕು ನೇರ ನನ್ನ ಕಣ್ಣಿಗೆ ಬಡಿಯಿತು. ಅರ್ಧ ಗಂಟೆಯ ತಪಸ್ಸು ಅರ್ಧ ಸೆಕೆಂಡಿಗೆ ಹೋಯಿತು.

ನಮ್ಮ ಕಡೆ ಟಾರ್ಚಿಗೆ ಬ್ಯಾಟ್ರಿ ಅನ್ನುತ್ತಾರೆ. ಈಗಿನ ಬ್ಯಾಟ್ರಿಗಳು ಮೊದಲಿನ ಹಾಗೆ ಹಳದಿ ಹಳದಿಯಾಗಿ ಮಿಣುಕುವುದಿಲ್ಲ. ಚಾರ್ಜಿಂಗ್ ಬ್ಯಾಟ್ರಿ, ಎಲ್‌ಇಡಿ, ಅರ್ಧ ಕಿಲೋಮೀಟರ್ ದೂರದ ಹಂದಿಯ ಮೀಸೆ ಎಣಿಸಬಹುದು. ಅದರ ಹಿಂದೆ ಒಬ್ಬರು ಕಾಕಾ. ತಲೆಗೆ ಮಫ್ಲರ್, ಹೆಗಲಿಗೆ ಕಂಬಳಿ, ಕೈಯಲ್ಲಿ ಬಡಿಗೆ.

"ನಾವ್ರಿ ಕಾಕಾ. ಫೋಟೋ ತೆಗೀಲತ್ತೀವಿ."

"ಕತ್ತಲ್ದಾಗ?"

"ಹೌದ್ರಿ. ಜರಾ ಬ್ಯಾಟ್ರಿ ಬಂದ್ ಮಾಡ್ರಿ."

ಅವರು ಬಂದ್ ಮಾಡಲಿಲ್ಲ. ಟ್ರೈಪಾಡಿಗೆ ಒಂದು ಸುತ್ತು ಬಂದರು. ಮೂರು ಕಾಲಿನ ಮೇಲೆ ಒಂದು ಕಣ್ಣು. ಇಂಥದ್ದನ್ನು ಹೊಲದಲ್ಲಿ ಯಾರು ಇಡುತ್ತಾರೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

"ರೋಡ್ ಬರ್ಲತದೇನ್ರಿ?"

"ಇಲ್ರಿ."

"ಟವರ್ ಲೈನು?"

"ಅಲ್ರಿ."

"ಸೋಲಾರು?"

"ಅಲ್ರಿ ಕಾಕಾ, ಸುಮ್ನ ಫೋಟೋ."

"ಇಷ್ಟೊತ್ತಿಗಿ ಸುಮ್ನ ಯಾರ್ ಬರ್ತಾರ್ರಿ? ಮ್ಯಾಲಿನ ಸಾಹೇಬ್ರು ಹೇಳಬ್ಯಾಡ್ರಿ ಅಂದಿರ್ಬೇಕು. ಇರ್ಲಿ, ನಿಮ್ಮ ನೌಕರಿಗಿ ತ್ರಾಸ್ ಬ್ಯಾಡ. ಎಕರೆಗಿ ಎಷ್ಟು ಕೊಡ್ತಾರ, ಅಷ್ಟ ಹೇಳ್ರಿ."

ಅವರ ದನಿಯಲ್ಲಿ ಹೆದರಿಕೆಯೂ ಇತ್ತು, ಆಸೆಯೂ ಇತ್ತು. ನಾನು ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಹಳೆಯ ಫೋಟೋ ತೋರಿಸಿದೆ. ಅಷ್ಟೂರಿನ ಮಿರ್ಚಿ ಭಜಿ ನೋಡಿ ಅವರಿಗೆ ನಾನು ಸರ್ವೆಯವನಲ್ಲ ಅನ್ನುವುದು ಖಾತ್ರಿಯಾಯಿತು. ಯಾವ ಕೆಲಸಕ್ಕೂ ಬಾರದವನು ಅನ್ನುವುದೂ ಆಗಿರಬೇಕು, ಮುಖ ಸಡಿಲಾಯಿತು.

"ಇದಕ್ಕ ಪಗಾರ ಯಾರ್ ಕೊಡ್ತಾರ್ರಿ?"

"ಯಾರೂ ಇಲ್ರಿ. ನಮ್ಮದೇ ಖರ್ಚು. ನೀವ್ಯಾಕ್ ಎದ್ದೀರಿ ಇಷ್ಟೊತ್ತನಾ?"

"ಕಬ್ಬಿಗಿ ನೀರ್ ಬಿಡ್ಬೇಕ್ರಿ. ತ್ರೀ ಫೇಜ್ ರಾತ್ರಿನೇ ಕೊಡ್ತಾರ. ಯಾವಾಗ್ ಬರ್ತದ ಅನ್ನೋದು ಅದಕ್ಕೇ ಗೊತ್ತು." ಬದುವಿನ ಮೇಲೆ ಕೂತು ಕಂಬಳಿ ಹೊದ್ದುಕೊಂಡರು. "ನಿಮಗ ಹುಚ್ಚು, ನಮಗ ಕರೆಂಟು. ಒಟ್ಟಿನ ಮ್ಯಾಲ ಇಬ್ಬರಿಗೂ ನಿದ್ದಿ ಇಲ್ಲ."

ನಾಲ್ಕು ನಿಮಿಷ ಬ್ಯಾಟ್ರಿ ಹಚ್ಚಬಾರದು ಅಂತ ಕೈಮುಗಿದು ಕೇಳಿಕೊಂಡೆ. ಒಪ್ಪಿದರು. ಐಎಸ್‌ಒ 100, ಅಪರ್ಚರ್ 5.6, ಉಪ್ಪಿನಕಾಯಿ ಮುಚ್ಚಳ ತೆಗೆದೆ, ಶಟರ್ ತೆರೆದೆ. ಒಂದು ನಿಮಿಷ. ನಾಯಿ ಒಂದು ದೂರದಲ್ಲಿ ಬೊಗಳಿತು. ನಾಯಿಯ ದನಿ ಫೋಟೋದಲ್ಲಿ ಬರುವುದಿಲ್ಲ. ಎರಡು ನಿಮಿಷ. ಕಾಕಾ ಪಿಸುಮಾತಿನಲ್ಲಿ ಉತ್ತರದ ಕಡೆ ಕೈ ಮಾಡಿ ಧ್ರುವ ನಕ್ಷತ್ರ ತೋರಿಸಿದರು. ನಮ್ಮಲ್ಲಿ ಅದು ನೆಲದಿಂದ ಬರೀ 17 ಡಿಗ್ರಿ ಎತ್ತರ. ಊರಿನ ಅಕ್ಷಾಂಶ ಎಷ್ಟೋ ಧ್ರುವನೂ ಅಷ್ಟೇ ಎತ್ತರ. ಒಂದು ಬೇವಿನ ಗಿಡ ಅಡ್ಡ ಬಂದರೆ ಮುಗೀತು. ಫೋಟೋ ತೆಗೆಯುವಾಗ ಪಿಸುಮಾತಾಡಬೇಕು ಅಂತ ನಾನೇನೂ ಹೇಳಿರಲಿಲ್ಲ. ಆದರೆ ಕತ್ತಲಲ್ಲಿ ಟ್ರೈಪಾಡಿನ ಮುಂದೆ ಎಲ್ಲರೂ ಪಿಸುಗುಡುತ್ತಾರೆ. ಮೂರು ನಿಮಿಷ.

ಕಬ್ಬಿನ ಆಚೆ, ಬೋರಿನ ಕಂಬದಲ್ಲಿ ಒಂದು ಸಣ್ಣ ಕೆಂಪು ದೀಪ ಹತ್ತಿತು.

"ಕರೆಂಟ್ ಬಂತು!"

ಕಾಕಾ ಎದ್ದರು. ಕಂಬಳಿ ಬಿತ್ತು. ಬ್ಯಾಟ್ರಿ ಹತ್ತಿತು. ನಾನು "ಕಾಕಾ, ಕಾಕಾ" ಅನ್ನುವಷ್ಟರಲ್ಲಿ ಅವರು ತೊಗರಿ ಸಾಲಿನ ನಡುವೆ, ನನ್ನ ಫೋಟೋದ ಎಡ ಮೂಲೆಯಿಂದ ಬಲ ಮೂಲೆಯವರೆಗೆ, ಕೈ ಬೀಸುತ್ತಾ ಓಡಿದರು. ಬನ್ನಿ ಗಿಡಕ್ಕೆ ಒಂದು ಸುತ್ತು ಹಾಕಿದರು. ಯಾಕೆ ಸುತ್ತು ಹಾಕಿದರು ಅಂತ ಆಮೇಲೆ ಕೇಳಿದೆ. ಅಲ್ಲಿ ಮುಳ್ಳಿನ ಬೇಲಿ ಇತ್ತಂತೆ. ಮೋಟರ್ ಗುರ್ ಅಂತು. ನೀರು ಬಿತ್ತು. ಅದೇ ದಾರಿಯಲ್ಲಿ ನಗುತ್ತಾ ವಾಪಸ್ ಬಂದರು. ಅಷ್ಟರಲ್ಲಿ ನಾಲ್ಕು ನಿಮಿಷ ಮುಗಿದಿತ್ತು.

ಕ್ಯಾಮೆರಾ ಕಣ್ಣು ಮುಚ್ಚಿಕೊಂಡು ತನ್ನ ನಾಲ್ಕು ನಿಮಿಷದ ವ್ರತಕ್ಕೆ ಕೂತಿತು. ನಾನೂ ಕೂತೆ. ಇನ್ನೊಮ್ಮೆ ತೆಗೆಯೋಣ ಅಂತ ತಯಾರಾಗುವ ಹೊತ್ತಿಗೆ ಪರದೆಯ ಮೇಲೆ ಕೆಂಪು ಚಿಹ್ನೆ ಮಿನುಗಿ ಎಲ್ಲ ಆರಿಹೋಯಿತು. ಚಳಿಗೆ ಚಾರ್ಜು ಬೇಗ ಇಳಿಯುತ್ತದೆ. ನಾನು ತಲೆ ಮೇಲೆ ಕೈ ಹೊತ್ತು, "ಬ್ಯಾಟರಿ ಹೋಯ್ತು" ಅಂದೆ.

ಅನ್ನಬಾರದಿತ್ತು.

"ಬ್ಯಾಟ್ರಿ ನಂದದ ತಗೋರಿ!" ಅಂತ ಕಾಕಾ ಪೂರ್ತಿ ಪ್ರೀತಿಯಿಂದ, ಪೂರ್ತಿ ಜೋರಿನಲ್ಲಿ, ನನ್ನ ಎರಡೂ ಕಣ್ಣಿಗೆ ಬ್ಯಾಟ್ರಿ ಬಿಟ್ಟರು.

ಮನೆಗೆ ಬಂದು ಮರುದಿನ ಕಂಪ್ಯೂಟರಿನಲ್ಲಿ ಆ ಒಂದೇ ಫೋಟೋ ತೆರೆದೆ. ತೊಗರಿ ಹಸಿರಾಗಿ, ಆಕಾಶ ಗಾಢ ನೀಲಿಯಾಗಿ ಬಂದಿದ್ದವು. ಎಡದಿಂದ ಬಲಕ್ಕೆ ಒಂದು ಬಿಳಿ ಬೆಳಕಿನ ಗೆರೆ ಕುಣಿಯುತ್ತಾ, ಬಳುಕುತ್ತಾ ಬಂದು, ಬನ್ನಿ ಗಿಡದ ಹತ್ತಿರ ಒಂದು ಸುತ್ತು ಹಾಕಿ, ಕಬ್ಬಿನೊಳಗೆ ಹೋಗಿತ್ತು. ವಾಪಸ್ ಬರುವಾಗ ಇನ್ನೊಂದು ಗೆರೆ. ಹಾಳಾಯಿತಲ್ಲ ಅಂತ ಅಳಿಸಲು ಹೊರಟಾಗ ಹೆಂಡತಿ ಚಹಾ ತಂದಳು. ಪರದೆ ನೋಡಿ ನಿಂತಳು.

"ಇದು ರಾತ್ರಿದು" ಅಂದಳು.

ಒಂಬತ್ತು ತಿಂಗಳಲ್ಲಿ ಮೊದಲ ಸಲ. ನಾನು ಚಹಾ ಕುಡಿಯುವುದನ್ನೂ ಮರೆತು ಆ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಎರಡು. ಒಂದು ನಮ್ಮ ಪಡಸಾಲೆಗೆ, ಒಂದು ಕಾಕಾಗೆ.

ಭಾನುವಾರ ಕೊಡಲು ಹೋದೆ. ಅವರ ಮನೆಯ ಕಟ್ಟೆಯ ಮೇಲೆ ಓಣಿಯ ಮಂದಿಯೆಲ್ಲ ಸೇರಿದರು. ಅದರಲ್ಲಿ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ನಮ್ಮ ಹೊಲದ ಕಡಿನೂ ಜರಾ ಅಳೀರಿ ಸಾಹೇಬ್ರ" ಅಂದರು. ಸರ್ವೆಯ ಸುದ್ದಿ ಊರು ತುಂಬಿತ್ತು. ಕಾಕಾನ ಹೆಂಡತಿ ಫೋಟೋ ನೋಡಿ, "ಹಾವು ಹರಿದಂಗದ" ಅಂದರು. ಕಾಕಾ ಮಾತ್ರ ಕನ್ನಡಕ ಹಾಕಿಕೊಂಡು ಮೂಲೆ ಮೂಲೆ ಹುಡುಕುತ್ತಿದ್ದರು.

"ತೊಗರಿ ಬಂದದ. ಬನ್ನಿ ಗಿಡ ಬಂದದ. ಇದು ನನ್ನ ಬ್ಯಾಟ್ರಿ. ನಾ ಎಲ್ಲಿದ್ದೀನ್ರಿ?"

ವಿವರಿಸಿದೆ. ನಾಲ್ಕು ನಿಮಿಷದ ಫೋಟೋದಲ್ಲಿ ನಿಂತದ್ದು ಮಾತ್ರ ಬರುತ್ತದೆ, ಓಡಿದ್ದು ಬರುವುದಿಲ್ಲ, ಬೆಳಕಾದರೆ ಓಡಿದರೂ ಗೆರೆ ಬಿಡುತ್ತದೆ ಅಂತ. ಅವರಿಗೆ ಸಮಾಧಾನ ಆಗಲಿಲ್ಲ.

"ಹೊಲ ನಂದು, ಕಬ್ಬು ನಂದು, ಬ್ಯಾಟ್ರಿ ನಂದು. ನಾನೇ ಇಲ್ಲಂದ್ರ ಹೆಂಗ್ರಿ?"

ಅದಕ್ಕೇ ಜನವರಿಯ ಬನದ ಹುಣ್ಣಿಮೆಗೆ ಮತ್ತೆ ಹೋದೆ. ತೊಗರಿ ಕಟಾವಾಗಿತ್ತು. ಬನ್ನಿ ಗಿಡದ ಮುಂದೆ ಕಾಕಾ ಇಸ್ತ್ರಿ ಮಾಡಿದ ಬಿಳಿ ಧೋತರ, ಬಿಳಿ ಅಂಗಿ, ಬಿಳಿ ಟೊಪಗಿ ಹಾಕಿಕೊಂಡು ನಿಂತಿದ್ದರು. ಬೆಳದಿಂಗಳಿಗೆ ಕಣ್ಣು ಕುಕ್ಕುತ್ತಿತ್ತು. ನಾಲ್ಕು ನಿಮಿಷ ಯಾರ ಕೈಯಲ್ಲೂ ಅಲುಗಾಡದೆ ನಿಲ್ಲಲು ಆಗುವುದಿಲ್ಲ. ಅದಕ್ಕೆ ಐಎಸ್‌ಒವನ್ನು, ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಅನ್ನುವ ಲೆಕ್ಕವನ್ನು, 100ರಿಂದ 800ಕ್ಕೆ ಏರಿಸಿದೆ. ಎಂಟು ಪಟ್ಟು ಬೇಗ, 30 ಸೆಕೆಂಡು ಸಾಕು.

"ಉಸಿರಾಡಬಹುದೇನ್ರಿ?"

"ಆಡ್ರಿ. ಕೈಕಾಲು ಆಡಿಸಬ್ಯಾಡ್ರಿ."

ಶಟರ್ ತೆರೆದೆ. ಕಾಕಾ ಕಲ್ಲಿನ ಕಂಬದ ಹಾಗೆ ನಿಂತರು. ಐದು, ಹತ್ತು. ರೆಪ್ಪೆಯನ್ನೂ ಹೊಡೆಯಲಿಲ್ಲ. ಹದಿನೈದಕ್ಕೆ ಅವರ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಎಡಗೈ ತಾನಾಗಿಯೇ ಜೇಬಿಗೆ ಹೋಗಿ, ಫೋನನ್ನು ಕಿವಿಗೆ ತಂದಿತು. ಉಳಿದ ಮೈ ಒಂದಿಷ್ಟೂ ಕದಲಲಿಲ್ಲ. ತುಟಿ ಆಡಿಸದೆ, ಹಲ್ಲಿನ ಸಂದಿಯಿಂದ ಹೇಳಿದರು: "ಆಮ್ಯಾಲ ಮಾತಾಡ್ತೀನಿ. ಅಲುಗಾಡಬ್ಯಾಡ ಅಂದಾರ."

ಪರದೆಯ ಮೇಲೆ ಫೋಟೋ ಬಂದಾಗ ಇಬ್ಬರೂ ಬಗ್ಗಿ ನೋಡಿದೆವು. ಧೋತರದ ನೆರಿಗೆ ಸಮೇತ ಕಾಕಾ ಸ್ಪಷ್ಟವಾಗಿ ಬಂದಿದ್ದರು. ಬಲಗೈ ಕೆಳಗೆ ಇತ್ತು. ಎಡಗೈ ಒಂದು ಕೆಳಗೆ, ಗಾಜಿನ ಹಾಗೆ ತೆಳ್ಳಗೆ. ಇನ್ನೊಂದು ಎಡಗೈ ಕಿವಿಯ ಹತ್ತಿರ, ಅದರಲ್ಲಿ ನೀಲಿ ಬೆಳಕಿನ ಫೋನು.

ನಾನು ಮಾತಾಡಲಿಲ್ಲ. ಅವರು ಬೆರಳಿಟ್ಟು ಎಣಿಸಿದರು. ಇನ್ನೊಮ್ಮೆ ಎಣಿಸಿದರು.

"ಮೂರು ಬಂದಾವ."

"ಇನ್ನೊಂದ್ಸಲ ತೆಗೀತೀನ್ರಿ ಕಾಕಾ."

"ಬ್ಯಾಡ, ಇರ್ಲಿ ಬಿಡ್ರಿ. ಹೊಲದ ಕೆಲಸಕ್ಕ ಎರಡು ಎಲ್ಲಿ ಸಾಲ್ತಾವ?"